ಖಂಡೆಪೂಜೆಗೆ ಬಿಚ್ಚಿದ ಕಾರ್ಡುಗಳು

ಮೆಹದಿಪಟ್ಟಣಂನಲ್ಲಿ ನಿಮ್ಮ ಅಜ್ಜನ ಇಂಟರ್ನೆಟ್ ಅಂಗಡಿ ಇತ್ತು, ಅವರ ನಂತರ ಅದನ್ನು ನಾನು ನಡೆಸಿದೆ ಎಂಬುದು ನಿಮಗೆ ಗೊತ್ತು. ಆದರೆ ಒಂದು ದಸರೆಯ ಸಂಜೆ ಅದು ಮಾರಾಟವಾಗಿ ಹೋಗಬೇಕಿತ್ತು ಎಂಬ ಸಂಗತಿಯನ್ನು ನಿಮ್ಮ ತಾಯಿಯೂ ಸರಿಯಾಗಿ ಹೇಳಲಾರಳು. ಆ ದಿನ ಅವಳು ಗೆಳತಿಯ ಮನೆಗೆ ಹಬ್ಬದ ಊಟಕ್ಕೆ ಹೋಗಿದ್ದಳು. ನನಗೆ ನಾಲ್ಕು ಜನರೆದುರು ಹೇಳಲು ಬರುವುದಿಲ್ಲ. ಬರೆಯುವುದು ಸಲೀಸು. ಅದಕ್ಕೇ ಬರೆಯುತ್ತಿದ್ದೇನೆ.

ಆಗ ತೆಲಂಗಾಣ ಬೇರೆ ರಾಜ್ಯವಾಗಿರಲಿಲ್ಲ, ನೀವು ಹುಟ್ಟಿರಲಿಲ್ಲ, ಜನರ ಕೈಯಲ್ಲಿ ಈಗಿನಂಥ ಫೋನುಗಳಿರಲಿಲ್ಲ. ಇಂಟರ್ನೆಟ್ ಬೇಕಾದವರು ಅಂಗಡಿಗೆ ಬಂದು ಗಂಟೆಯ ಲೆಕ್ಕದಲ್ಲಿ ಕುಳಿತುಕೊಳ್ಳಬೇಕಿತ್ತು. ನಮ್ಮದು ಬಸ್ ನಿಲ್ದಾಣದ ಹಿಂದಿನ ಗಲ್ಲಿ. ಎರಡೂ ಗೋಡೆಗೆ ಕಂಪ್ಯೂಟರುಗಳ ಸಾಲು, ಮೂಲೆಯಲ್ಲಿ ಒಂದು ಹಳೆಯ ಬಿಳಿ ಡಬ್ಬಿ. ಬಿಳಿ ಎನ್ನುವುದು ಮಾತಿಗೆ, ಬಣ್ಣ ಬೆಲ್ಲದಂತಾಗಿತ್ತು. ಅದೂ ಕಂಪ್ಯೂಟರೇ, ಆದರೆ ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಗಿರಾಕಿಗಳು ಅದನ್ನು ಮುಟ್ಟುತ್ತಿರಲಿಲ್ಲ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಷ್ಟೇ. ಆದರೆ ಅಂಗಡಿ ನಿಂತಿದ್ದು ಅದರ ಮೇಲೆಯೇ. ಹೊರಗಿನಿಂದ ಬರುವ ಒಂದೇ ತಂತಿಯನ್ನು ಅದು ಹಿಡಿದು ಎಲ್ಲ ಕಂಪ್ಯೂಟರಿಗೂ ಹಂಚುತ್ತಿತ್ತು. ಹೀಗೆ ಹಂಚಲು ಅದರ ಹೊಟ್ಟೆಯಲ್ಲಿ ಎರಡು ನೆಟ್‌ವರ್ಕ್ ಕಾರ್ಡು ಇದ್ದವು: ಒಂದು ಹೊರಗಿನ ತಂತಿಗೆ, ಇನ್ನೊಂದು ಅಂಗಡಿಯ ಒಳಗಿನವಕ್ಕೆ. ಮನೆಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಇದ್ದ ಹಾಗೆ ಅಂದುಕೊಳ್ಳಿ.

ಆ ಕಾರ್ಡುಗಳು ಆಗಲೇ ಹಳೆಯವು. ಸಿಕಂದರಾಬಾದಿನ ಕಡೆಯ ಹಳೇ ಸಾಮಾನಿನ ಅಂಗಡಿಯಿಂದ ನಿಮ್ಮ ಅಜ್ಜ ಹುಡುಕಿ ತಂದಿದ್ದರು. ಹೊಸ ಕಾರ್ಡಾದರೆ ಸಿಕ್ಕಿಸಿದರೆ ಸಾಕು, ತನ್ನ ಜಾಗ ತಾನೇ ನೋಡಿಕೊಳ್ಳುತ್ತದೆ. ಇವು ಹಾಗಲ್ಲ. ಪ್ರತಿಯೊಂದಕ್ಕೂ ಒಂದು ಮನೆ ನಂಬರು, ಒಂದು ಕರೆಗಂಟೆಯ ನಂಬರು ನಾವೇ ಕೊಡಬೇಕು. ಮನೆ ನಂಬರು ಯಂತ್ರ ಅದನ್ನು ಹುಡುಕಿಕೊಂಡು ಹೋಗಲಿಕ್ಕೆ. ಗಂಟೆಯ ನಂಬರು ಅದು ಯಂತ್ರವನ್ನು ಕರೆಯಲಿಕ್ಕೆ. ಕಾರ್ಡಿನ ಮೇಲೆ ಸಣ್ಣ ಲೋಹದ ಕಡ್ಡಿಗಳು ಜೋಡಿ ಜೋಡಿಯಾಗಿ ನಿಂತಿರುತ್ತವೆ. ಯಾವ ಜೋಡಿಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕರಿ ಟೊಪ್ಪಿಗೆ ತೊಡಿಸುತ್ತೇವೋ ಅದರಂತೆ ನಂಬರು. ಅದೇ ನಂಬರುಗಳನ್ನು ಲಿನಕ್ಸಿನ ಒಂದು ಸಾಲಿನಲ್ಲಿಯೂ ಬರೆಯಬೇಕು. ಕಡ್ಡಿಯೂ ಸಾಲೂ ಒಂದೇ ಮಾತು ಹೇಳಿದರೆ ಮಾತ್ರ ಕೆಲಸ ನಡೆಯುತ್ತದೆ.

ಇದೆಲ್ಲ ಬೀದರ ಜಿಲ್ಲೆಯ ಹಳ್ಳಿಯಲ್ಲಿ ಏಳನೆಯ ಇಯತ್ತೆ ಕಲಿತ ನನಗೆ ಹೇಗೆ ತಿಳಿಯಿತು ಎಂದು ಕೇಳುತ್ತೀರಿ. ನಿಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂತು. ಪರದೆಯ ಅಕ್ಷರ ಕಾಣದಾದಾಗ ನನ್ನನ್ನು ಆ ಡಬ್ಬಿಯ ಎದುರು ಕೂರಿಸಿ, ತಾವು ಪಕ್ಕದ ಸ್ಟೂಲಿನ ಮೇಲೆ ಕುಳಿತು ಒಂದೊಂದೇ ಅಕ್ಷರ ಹೇಳತೊಡಗಿದರು.

“ಸಿ ಒತ್ತು. ಎ. ಟಿ. ಜಾಗ ಬಿಡು.”

“ಬಿಟ್ಟೆ.”

ಫೈಲಿನ ಹೆಸರನ್ನೂ ಹಾಗೆಯೇ ಹೇಳಿ, ಎಂಟರ್ ಒತ್ತಿಸಿ, “ಈಗ ಪರದೆ ಮ್ಯಾಲ ಏನ್ ಬಂತು, ಓದು,” ಎಂದರು.

“ಓದಾಕ ಬರೂದಿಲ್ಲ. ಭಾಳ ಬಂದದ.”

“ಬರದಿದ್ರ ಅಕ್ಷರ ಹೇಳು. ನೀ ಅಕ್ಷರ ಹೇಳು, ನಾ ಅರ್ಥ ಹೇಳ್ತೀನಿ.”

ಹೀಗೆ ವರ್ಷಗಟ್ಟಲೆ ನಾನು ಅವರ ಕಣ್ಣೂ ಬೆರಳೂ ಆಗಿದ್ದೆ. ಇಂಗ್ಲಿಷ್ ಕಲಿಯಲಿಲ್ಲ. ಆದರೆ ಯಾವ ಸಾಲು ಹೇಗಿದ್ದರೆ ಯಂತ್ರ ಸುಖವಾಗಿದೆ, ಹೇಗಿದ್ದರೆ ಕೊಸರಾಡುತ್ತಿದೆ ಎಂಬುದು ಹಿಟ್ಟಿನ ಹದದಂತೆ ಕೈಗೆ ಬಂತು. ಕಾರ್ಡು ಮಾತ್ರ ಅವರೇ ಬಿಚ್ಚುತ್ತಿದ್ದರು. ಅದಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ, ಬೆರಳ ತುದಿಯೇ ಸಾಕಿತ್ತು.

ಅವರು ಹೋದ ಮೇಲೆ ಅಂಗಡಿಯನ್ನು ಏನು ಮಾಡುವುದು ಎಂಬ ಮಾತು ಬಂತು. ನನ್ನ ಮೈದುನ, ಎಂದರೆ ನಿಮ್ಮ ಸಣ್ಣಜ್ಜ, ಬೀದರಿನಲ್ಲಿ ಕಿರಾಣಿ ವ್ಯಾಪಾರ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ. ನನ್ನನ್ನೂ ನಿಮ್ಮ ತಾಯಿಯನ್ನೂ ಬೀದರಿಗೆ ಕರೆದುಕೊಂಡು ಹೋಗಿ ಮೇಲಿನ ಖೋಲಿಯಲ್ಲಿ ಇಡಬೇಕು, ಅಂಗಡಿ ಮಾರಬೇಕು ಎಂದು ಅವರ ಮನಸ್ಸು. ಗಂಡಸರು ಬಂದುಹೋಗುವ ಅಂಗಡಿಯಲ್ಲಿ, ಎದುರಿಗೆ ನಿಂತವರಿಗೆ ತಲೆ ಎತ್ತಿ ಉತ್ತರ ಕೊಡದ ಹೆಂಗಸು ಹೇಗೆ ಕುಳಿತಾಳು ಎಂಬುದು ಅವರ ಚಿಂತೆ. ನನಗೆ ಬೇರೆ ಚಿಂತೆ. ನಿಮ್ಮ ತಾಯಿ ಇಲ್ಲಿಯ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದಳು. ಬೀದರಿನ ಮೇಲಿನ ಖೋಲಿಗೆ ಹೋದರೆ ಎರಡು ಹೊತ್ತಿನ ಊಟಕ್ಕೆ ಕೊರತೆಯಾಗುತ್ತಿರಲಿಲ್ಲ, ಆದರೆ ಅವಳು ಎಷ್ಟು ಓದಬೇಕೆಂದು ತೀರ್ಮಾನಿಸುವ ಮಾತು ಇನ್ನೊಬ್ಬರ ಬಾಯಿಗೆ ಹೋಗುತ್ತಿತ್ತು. ಅಂಗಡಿ ಉಳಿದರೆ ಅದು ನನ್ನ ಬಾಯಿಯಲ್ಲಿಯೇ ಇರುತ್ತಿತ್ತು.

“ದಸರಾತನಕಾ ನಡಸ್ರಿ ವೈನಿ,” ಎಂದರು ಮೈದುನ. “ನಡದರ ನಡೀಲಿ. ನಡೀಲಿಲ್ಲಂದ್ರ ಮಾರಿಬಿಡೂಣು.”

ದಸರೆಯವರೆಗೂ ನಡೆಯಿತು. ಯಾರು ಬಂದರೂ ನಾನು ಖಾಲಿ ಕುರ್ಚಿಯ ಕಡೆ ಕೈ ತೋರಿಸುತ್ತಿದ್ದೆ, ಎದ್ದು ಹೊರಟಾಗ ಗಡಿಯಾರದ ಕಡೆ ತೋರಿಸುತ್ತಿದ್ದೆ. ಅಷ್ಟು ಮಾತಿಲ್ಲದೆಯೂ ಅಂಗಡಿ ನಡೆಯುತ್ತದೆ ಎಂದು ನನಗೆ ಗೊತ್ತಾಗಿಹೋಗಿತ್ತು.

ನಮ್ಮ ಕಡೆ ಮಹಾನವಮಿಗೆ ಖಂಡೆಪೂಜೆ. ಕುಡುಗೋಲು, ತಕ್ಕಡಿ, ಕತ್ತರಿ, ಅನ್ನ ಕೊಡುವ ಯಾವ ಹತ್ಯಾರವಾದರೂ ಅಂದು ತೊಳೆದು, ಕುಂಕುಮ ಹಚ್ಚಿ, ಹೂವಿಟ್ಟು ಸುಮ್ಮನೆ ಇಡಬೇಕು. ಮರುದಿನ ದಶಮಿಗೆ ಎತ್ತಿಕೊಳ್ಳಬೇಕು. ನಿಮ್ಮ ಅಜ್ಜ ಪ್ರತಿ ವರ್ಷ ಲಿನಕ್ಸ್ ಡಬ್ಬಿ ಬಿಚ್ಚಿ, ಕಾರ್ಡು ಹೊರಗೆ ತೆಗೆದು ಧೂಳು ಒರೆಸಿ ಪೂಜೆಗೆ ಇಡುತ್ತಿದ್ದರು. ಆ ವರ್ಷ ಹಬ್ಬಕ್ಕೆಂದು ಬಂದಿದ್ದ ಮೈದುನ ಬೇಡವೆಂದರು.

“ವರ್ಷ ತುಂಬಿಲ್ಲ ವೈನಿ. ಸಾವಾದ ಮನಿಯಾಗ ಹಬ್ಬ ಮಾಡೂದಿಲ್ಲ. ಅದರಾಗ ನೀವ್ ಕುಂಕುಮಾ ಹಿಡದು ಪೂಜಿ ಮಾಡ್ತೀನಿ ಅಂದ್ರ ಮಂದಿ ಏನ್ ಅಂದಾರು?”

“ಮಂದಿ ನನ್ನ ಹತ್ಯಾರಕ ಪೂಜಿ ಮಾಡೂದಿಲ್ಲ,” ಎಂದೆ. ಸೆರಗಿನ ಮರೆಯಲ್ಲಿ, ಗೋಡೆಗೆ ಹೇಳಿದಂತೆ. ಆದರೆ ಹೇಳಿದೆ.

ಮಾಡುವುದಾದರೆ ಕೈತುಂಬ ಮಾಡಬೇಕು ಎನ್ನುವವಳು ನಾನು. ಕಾರ್ಡು ಎರಡನ್ನೂ ಬಿಚ್ಚಿ ಚಾಪೆಯ ಮೇಲಿಟ್ಟೆ. ಬಸ್ಸುಗಳ ಧೂಳು ಟೊಪ್ಪಿಗೆಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ದೇವರಿಗೆ ನೀರೆರೆಯುವಾಗ ಒಡವೆ ತೆಗೆದಿಡುತ್ತೇವಲ್ಲ, ಹಾಗೆಯೇ ಚಿಮಟದಿಂದ ಟೊಪ್ಪಿಗೆಗಳನ್ನೆಲ್ಲ ಕಿತ್ತು ತಟ್ಟೆಯಲ್ಲಿಟ್ಟೆ. ಮೆತ್ತನೆಯ ಕುಂಚದಿಂದ ಕಡ್ಡಿಗಳನ್ನು ಉಜ್ಜಿದೆ. ತಿರುಗಿ ತೊಡಿಸುವಾಗ ನೋಡುತ್ತೇನೆ, ತಟ್ಟೆಯಲ್ಲಿ ಐದು ಟೊಪ್ಪಿಗೆ: ಒಂದು ಕಾರ್ಡಿಗೆ ಎರಡು, ಇನ್ನೊಂದಕ್ಕೆ ಮೂರು. ಒಂದೇ ರೂಪದ ಎರಡು ಕಾರ್ಡು. ಅಕ್ಕತಂಗಿಯರ ಹಾಗೆ ಜೋಡಿ. ನಮ್ಮಲ್ಲಿ ಜೋಡಿ ಗೌರಿಯನ್ನು ಕೂರಿಸಿದರೆ ಒಬ್ಬಳಿಗೆ ಮೂಗುತಿ ಇಟ್ಟು ಇನ್ನೊಬ್ಬಳಿಗೆ ಬಿಡುವುದುಂಟೇ? ಎರಡಕ್ಕೂ ಎರಡೆರಡು ಟೊಪ್ಪಿಗೆಯನ್ನು ಒಂದೇ ಜಾಗದಲ್ಲಿ ಸರಿಯಾಗಿ ತೊಡಿಸಿದೆ. ನೋಡಲು ಚೆಂದವಾಯಿತು. ಒಂದು ಟೊಪ್ಪಿಗೆ ಮಿಕ್ಕಿತು. ಕಳೆಯದಿರಲಿ ಎಂದು ಹೆಚ್ಚಿನದೊಂದನ್ನು ಅವರು ಅಲ್ಲಿಯೇ ಸಿಕ್ಕಿಸಿಟ್ಟಿರಬೇಕು ಎಂದುಕೊಂಡು ಹೂವಿನ ತಟ್ಟೆಯಲ್ಲೇ ಬಿಟ್ಟೆ. ಪೂಜೆಯಾಯಿತು. ಮರುದಿನ ಬೆಳಗಿನ ಜಾವ ಬಾಡಿದ ಹೂವನ್ನು ಗಲ್ಲಿಯ ಬೇವಿನ ಬುಡಕ್ಕೆ ಸುರಿದೆ. ಟೊಪ್ಪಿಗೆಯೂ ಅದರೊಂದಿಗೆ ಹೋಯಿತು.

ದಶಮಿಯ ಬೆಳಿಗ್ಗೆ ಕಾರ್ಡುಗಳನ್ನು ಕೂರಿಸಿ ಡಬ್ಬಿ ಚಾಲು ಮಾಡಿದೆ. ಅಂಗಡಿಯ ಎಲ್ಲ ಪರದೆಯೂ ಹೊತ್ತಿಕೊಂಡವು, ಆದರೆ ಯಾವುದಕ್ಕೂ ಹೊರಗಿನ ಲೋಕ ಸಿಗಲಿಲ್ಲ.

ಮೊದಲು ಬಂದವಳು ಪಕ್ಕದ ಖೋಲಿಯಲ್ಲಿ ಬಟ್ಟೆ ಹೊಲಿಯುವ ನನ್ನ ಗೆಳತಿ. ಅವಳ ಗಂಡ ದುಬೈಯಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಅವನಿಗೆ ರಜೆ ಇದ್ದ ದಿನ ಅವಳು ಬುರ್ಖಾ ಹಾಕಿಕೊಂಡು, ಅಂಗೈಗೆ ಅತ್ತರು ಹಚ್ಚಿಕೊಂಡು ಬಂದು ಕಿವಿಗೆ ಹೆಡ್‌ಫೋನ್ ಇಟ್ಟು ಕೂರುತ್ತಿದ್ದಳು. ದುಬೈಗೆ ಅತ್ತರಿನ ವಾಸನೆ ಹೋಗುವುದಿಲ್ಲ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ವಾರವಿಡೀ ನಕ್ಕಿದ್ದಳು.

“ಕ್ಯಾ ಅಕ್ಕಾ, ಮಶೀನಾಂ ಪೂಜಾ ಖಾ ಕೋ ಸೋ ಗಯೇ ಕ್ಯಾ?” ಎಂದಳು. ಯಂತ್ರಗಳು ಪೂಜೆ ಉಂಡು ಮಲಗಿಬಿಟ್ಟವೇ ಎಂದು.

“ಸಂಜೀಕ ಬಾ,” ಎಂದೆ.

“ಶಾಮ್ ತಕ್ ಮೇರೇ ಮಿಯಾಂ ಕುರ್ಸೀ ಪಕಡ್ ಕೋ ಬೈಠೇ ರಹೇಂಗೇ. ಉನೋ ರೋಯೇ ತೋ ತುಮ್ಹಾರೇ ಸರ್ ಪೇ!” ಸಂಜೆಯವರೆಗೆ ಗಂಡ ಅಲ್ಲಿ ಕುರ್ಚಿ ಹಿಡಿದು ಕೂತೇ ಇರುತ್ತಾನಂತೆ, ಅವನು ಅತ್ತರೆ ಪಾಪ ನನ್ನ ತಲೆಗಂತೆ. ನಗುತ್ತಲೇ ಹೋದಳು.

ಅವಳ ಹಿಂದೆ ಬಂದ ಗಿರಾಕಿಗಳು ನಗಲಿಲ್ಲ, ಹೊರಟುಹೋದರು. ಬಾಗಿಲಲ್ಲಿ ಕುಳಿತಿದ್ದ ಮೈದುನ ಅವರನ್ನೆಲ್ಲ ಕಂಡರು. ಮೈದುನ ಸಿಟ್ಟಾಗಲಿಲ್ಲ, ಹೆದರಿದ್ದರು.

“ನಾ ಮೊದಲೇ ಹೇಳಿದ್ದೆ. ಅಣ್ಣನ ಆತ್ಮಕ್ಕ ಸಮಾಧಾನ ಆಗಿಲ್ಲ. ಅವರ ಕೈ ಆಡಿದ್ದ ಯಂತ್ರಾ ಅದು, ವರ್ಷದೊಳಗ ಪೂಜಿ ಮಾಡಿದ್ವಿ, ಬಾಯಿ ಮುಚ್ಚಿಬಿಡ್ತು. ಇದಕ್ಕಿಂತ ದೊಡ್ಡ ಸೂಚನಾ ಏನ್ ಬೇಕ್ರಿ?”

“ಸೂಚನಾ ಅಲ್ಲ.”

“ಮತ್ತೇನದು?”

ಏನೆಂದು ನನಗೆ ಇನ್ನೂ ಗೊತ್ತಿರಲಿಲ್ಲ. ಸೂಚನೆಯಲ್ಲ ಎಂದು ಮಾತ್ರ ಗೊತ್ತಿತ್ತು. ನಿಮ್ಮ ಅಜ್ಜ ಬದುಕಿದ್ದಾಗ ನನ್ನ ಮೇಲೆ ಮುನಿದು ಅರ್ಧ ದಿನ ಕೂಡ ಬಾಯಿ ಮುಚ್ಚಿ ಕೂತವರಲ್ಲ.

ಮೈದುನ ಎದ್ದು ಹೋಗಿ ಫೋನು ಮಾಡಿ ಬಂದರು. ಹಳೇ ಕಂಪ್ಯೂಟರ್ ಕೊಳ್ಳುವವನೊಬ್ಬನಿಗೆ ಮೊದಲೇ ಹೇಳಿಟ್ಟಿದ್ದರಂತೆ. ಅವನು ಸಂಜೆ ಟ್ರಾಲಿ ಆಟೋ ತರುತ್ತಾನೆ ಎಂದರು. “ನಾಳೆ ಬೆಳಿಗ್ಗೆ ಬೀದರ ಬಸ್ ಹತ್ತೂಣು.”

“ಸಂಜೀತನಕಾ ಅಂಗಡಿ ನನಗ ಬಿಡ್ರಿ,” ಎಂದೆ. ಅವರು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತರು.

ಮೊದಲು ಪರದೆ ನೋಡಿದೆ. ಡಬ್ಬಿ ಎದ್ದೇಳುವಾಗ ಸಾಲುಗಳು ಸರಸರನೆ ಮೇಲೆ ಹೋಗುತ್ತವೆ. ಅವನ್ನು ತಿರುಗಿ ಕರೆಸುವ ಅಕ್ಷರಗಳು ಬೆರಳಿಗೆ ಗೊತ್ತಿದ್ದವು. ಕಾರ್ಡುಗಳ ಮಾತು ಬರುವ ಜಾಗದಲ್ಲಿ ದಿನವೂ ಎರಡು ಉದ್ದ ಸಾಲು ಇರುತ್ತಿದ್ದವು. ಇಂದು ಎರಡೂ ಗಿಡ್ಡ, ಎರಡರ ಕೊನೆಗೂ ಒಂದೇ ಪದಗಳು. ಆ ಪದಗಳ ಆಕಾರ ನನಗೆ ಪರಿಚಯವಿತ್ತು. ಹುಡುಕಿದೆ, ಸಿಗಲಿಲ್ಲ ಎಂದು ಯಂತ್ರ ಹೇಳುವ ರೀತಿ ಅದು. ಅಂದರೆ ಯಂತ್ರ ಮುನಿದಿಲ್ಲ, ಬಾಯಿಯನ್ನೂ ಮುಚ್ಚಿಲ್ಲ. ಎರಡು ಮನೆಯ ಬಾಗಿಲು ತಟ್ಟಿ ಬಂದು ಯಾರೂ ಇಲ್ಲ ಎಂದು ಹೇಳುತ್ತಿದೆ.

ಯಾವ ಮನೆ? ಅದಕ್ಕೆ ನಿಮ್ಮ ಅಜ್ಜ ಬರೆಸಿದ್ದ ಸಾಲನ್ನು ತೆರೆದೆ. ನನ್ನ ಬೆರಳೇ ಒತ್ತಿದ್ದ ಅಕ್ಷರಗಳು: ಮನೆ ನಂಬರು 340 ಮತ್ತು 360, ಗಂಟೆ 5 ಮತ್ತು 10. ಒಂದರಂತೆ ಇನ್ನೊಂದಿಲ್ಲ. ಬೇಕೆಂದೇ ಬೇರೆ ಬೇರೆ. ಆಗ ನನಗೆ ನನ್ನ ಜೋಡಿ ಗೌರಿಯರ ನೆನಪಾಯಿತು. ಟೊಪ್ಪಿಗೆಯ ಜಾಗವೇ ನಂಬರು ಎಂಬುದನ್ನು ಪೂಜೆಯ ಸಡಗರದಲ್ಲಿ ಮರೆತೇಬಿಟ್ಟಿದ್ದೆ. ಒಬ್ಬಳೇ ಕುಳಿತು ಗಟ್ಟಿಯಾಗಿ ನಕ್ಕುಬಿಟ್ಟೆ. ಕಟ್ಟೆಯ ಮೇಲಿದ್ದ ಮೈದುನ ಗಾಬರಿಯಿಂದ ಇಣುಕಿ ನೋಡಿದರು.

ಡಬ್ಬಿ ಆರಿಸಿ ಕಾರ್ಡು ಹೊರಗೆ ತೆಗೆದೆ. ಕಾರ್ಡಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಂಕಿಗಳು ಅಚ್ಚಾಗಿದ್ದವು. ಯಾವ ಜೋಡಿಗೆ ಟೊಪ್ಪಿಗೆ ಇಟ್ಟರೆ ಯಾವ ನಂಬರು ಎಂಬ ಪಟ್ಟಿ ಅದು. ಕಿಟಕಿಯ ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು. ಕಡ್ಡಿಗಳನ್ನು ನೋಡಿದರೂ ಸಾಕಿತ್ತು. ಇಷ್ಟು ವರ್ಷ ಟೊಪ್ಪಿಗೆಯ ಕೆಳಗಿದ್ದವು ಹೊಳೆಯುತ್ತಿದ್ದವು, ಉಳಿದವು ಮಸುಕಾಗಿದ್ದವು. ಕಾಲುಂಗುರ ತೆಗೆದ ಮೇಲೆ ಬೆರಳಿನಲ್ಲಿ ಬಿಳಿ ಗುರುತು ಉಳಿಯುತ್ತದಲ್ಲ, ಹಾಗೆ. ಒಂದು ಗಳಿಗೆ ಅದನ್ನೇ ನೋಡುತ್ತ ಕುಳಿತಿದ್ದೆ. ಆಮೇಲೆ ಚಿಮಟ ಎತ್ತಿಕೊಂಡೆ.

ನಾನು ಎರಡನ್ನೂ 340ರಲ್ಲಿ, ಗಂಟೆ 5ರಲ್ಲಿ ಕೂರಿಸಿದ್ದೆ. ಒಂದೇ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಓಗೊಟ್ಟರೆ ಯಾರ ಮಾತೂ ತಿಳಿಯುವುದಿಲ್ಲ. ಇನ್ನೊಂದು ಮನೆ ಖಾಲಿ. ಮೊದಲನೆಯ ಕಾರ್ಡು ಸರಿಯಾಗಿಯೇ ಇತ್ತು. ಎರಡನೆಯದನ್ನು 360ಕ್ಕೆ ಕಳಿಸಬೇಕೆಂದರೆ ಮೂರು ಟೊಪ್ಪಿಗೆ ಬೇಕು, ಮನೆ ನಂಬರಿಗೆ ಎರಡು, ಗಂಟೆಗೆ ಒಂದು. ಇದ್ದವು ಎರಡೇ.

ಬೇವಿನ ಬುಡಕ್ಕೆ ಹೋದೆ. ಅಷ್ಟರಲ್ಲಿ ಗಲ್ಲಿಯ ಆಡುಗಳು ಹೂವನ್ನು ಸ್ವಚ್ಛ ಮಾಡಿದ್ದವು. ಟೊಪ್ಪಿಗೆ ಆಡಿನ ಹೊಟ್ಟೆಗೆ ಹೋಯಿತೋ ಮಣ್ಣಿಗೆ ಹೋಯಿತೋ ತಿಳಿಯದು. ಹಬ್ಬದ ದಿನ ಅಂಥದ್ದನ್ನು ಮಾರುವ ಅಂಗಡಿ ಒಂದೂ ತೆರೆದಿರಲಿಲ್ಲ.

ತಿರುಗಿ ಬಂದು ಪಟ್ಟಿ ನೋಡಿದೆ. ಮನೆ ನಂಬರಿಗೆ ಒಂದೇ ಟೊಪ್ಪಿಗೆ ಸಾಕಾಗುವ ಇನ್ನೊಂದು ಮನೆ ಇತ್ತು: 320. ಆ ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ನೋಡಬೇಕು. ಡಬ್ಬಿ ಚಾಲು ಮಾಡಿ, ಯಾರು ಯಾವ ಮನೆಯಲ್ಲಿದ್ದಾರೆ ಎಂಬುದನ್ನು ಯಂತ್ರದಿಂದಲೇ ಹೇಳಿಸಿದೆ. 320 ಖಾಲಿ. ಹಾಗಾದರೆ ಒಂದು ಟೊಪ್ಪಿಗೆಯನ್ನು ಅಲ್ಲಿಗೆ, ಇನ್ನೊಂದನ್ನು ಗಂಟೆ 10ಕ್ಕೆ ಸರಿಸಿ, ಲಿನಕ್ಸಿನ ಸಾಲಿನಲ್ಲೂ 360 ತೆಗೆದು 320 ಬರೆದರಾಯಿತು.

ಬರೆದರಾಯಿತು ಎಂದು ಈಗ ಸಲೀಸಾಗಿ ಹೇಳುತ್ತಿದ್ದೇನೆ. ಆ ಸಾಲು ನಿಮ್ಮ ಅಜ್ಜನದು. ಪಕ್ಕದ ಸ್ಟೂಲಿನ ಮೇಲೆ ಕುಳಿತು ಅವರು ಹೇಳಿದ್ದು, ನಾನು ಒತ್ತಿದ್ದು. ಅವರು ಹೇಳದ ಒಂದು ಅಂಕಿಯನ್ನೂ ನಾನು ಆ ಡಬ್ಬಿಯಲ್ಲಿ ಅದುವರೆಗೆ ಒತ್ತಿರಲಿಲ್ಲ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದೆ. ಅವರೇ ಕಲಿಸಿದ ಒಂದು ಉಪಾಯ ನೆನಪಾಯಿತು. ಸಾಲಿನ ಮುಂದೆ ಜಾಳಿಗೆಯಂಥ ಒಂದು ಗುರುತು (#) ಹಾಕಿದರೆ ಯಂತ್ರ ಆ ಸಾಲನ್ನು ಓದುವುದಿಲ್ಲ. ಸಾಲು ಅಲ್ಲಿಯೇ ಇರುತ್ತದೆ, ನಮ್ಮ ಕಣ್ಣಿಗೆ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಕೇಳಿಸುವುದಿಲ್ಲ. ಅವರ ಸಾಲಿಗೆ ಆ ಗುರುತು ಹಾಕಿದೆ. ಅದರ ಕೆಳಗೆ ನನ್ನ ಸಾಲು ಬರೆದೆ. ಯಾರೂ ಹೇಳಿಕೊಡದೆ, ಬಾಯಲ್ಲಿ ಮಾತ್ರ ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಆ ಡಬ್ಬಿಗೆ ಪ್ರಿಂಟರ್ ಜೋಡಿಸಿದರೆ ಎಂದೂ ಅಚ್ಚಾಗುತ್ತಿರಲಿಲ್ಲ. ನಿಮ್ಮ ಅಜ್ಜ ಪ್ರಿಂಟರನ್ನು ಬೈದು ಬೇರೆ ಕಂಪ್ಯೂಟರಿಗೆ ಹಾಕಿದ್ದರು. ದೀಪಾವಳಿಯ ಹೊತ್ತಿಗೆ ಆ ಕಂಪ್ಯೂಟರ್ ಕೆಟ್ಟು, ವಿಧಿಯಿಲ್ಲದೆ ಪ್ರಿಂಟರನ್ನು ಲಿನಕ್ಸ್ ಡಬ್ಬಿಗೇ ಸಿಕ್ಕಿಸಿದೆ. ಕರಕರ ಎನ್ನುತ್ತ ಅಚ್ಚಾಗಿಬಿಟ್ಟಿತು. 360ರ ಮನೆ ಎಷ್ಟು ದೊಡ್ಡದೆಂದರೆ ಅದರ ಅಂಗಳ ಪ್ರಿಂಟರಿನ ಮನೆಯೊಳಕ್ಕೇ ಹೋಗಿತ್ತಂತೆ. ನನ್ನ 320ಕ್ಕೆ ಯಾರ ತಂಟೆಯೂ ಇರಲಿಲ್ಲ. ಅವರಿದ್ದಿದ್ದರೆ, “ಒಂದ್ ಟೊಪ್ಪಿಗಿ ಕಳದು ನನಗಿಂತಾ ಶಾಣ್ಯಾ ಆದಿ ನೋಡು” ಎನ್ನುತ್ತಿದ್ದರು.

ಡಬ್ಬಿ ಆರಿಸಿ, ಟೊಪ್ಪಿಗೆ ಸರಿಸಿ, ಕಾರ್ಡುಗಳನ್ನು ಕೂರಿಸಿ ಮತ್ತೆ ಎಬ್ಬಿಸಿದೆ. ಸಾಲುಗಳು ಸರಿದವು. ಕಾರ್ಡುಗಳ ಜಾಗ ಬಂತು. ಎರಡು ಉದ್ದ ಸಾಲು. ಒಂದರಲ್ಲಿ 340, ಇನ್ನೊಂದರಲ್ಲಿ 320. ಡಬ್ಬಿಯ ಹಿಂದೆ ಬಗ್ಗಿ ನೋಡಿದರೆ ಎರಡು ಹಸಿರು ದೀಪ ಮಿಣುಕುತ್ತಿದ್ದವು.

ಮೈದುನನಿಗೆ ಏನೂ ಹೇಳದೆ ಪಕ್ಕದ ಗೋಡೆಗೆ ಕುಟ್ಟಿದೆ. ಗೆಳತಿ ಓಡಿ ಬಂದು ಕುರ್ಚಿಗೆ ಕುಳಿತಳು. ಸ್ವಲ್ಪ ಹೊತ್ತಿನಲ್ಲೇ ಅವಳ ದನಿ ಗಲ್ಲಿಗೆಲ್ಲ ಕೇಳಿಸಿತು. ಹೆಡ್‌ಫೋನ್ ಹಾಕಿಕೊಂಡವರು ಕೂಗಿಯೇ ಮಾತಾಡುತ್ತಾರೆ. ಊಟ ಮಾಡಿದೆಯಾ ಎಂದು ದುಬೈಗೆ ಅವಳು ಕೇಳುತ್ತಿದ್ದಾಗ ಮೈದುನ ಒಳಗೆ ಬಂದು ನಿಂತರು.

“ನಡದೈತೇನ್ರಿ?”

“ನಡದೈತಿ.”

“ಏನಾಗಿತ್ತು?”

“ಪೂಜಿದಲ್ಲ ತಪ್ಪು. ಇಬ್ಬರಿಗೂ ಒಂದೇ ಮನಿ ಕೊಟ್ಟಿದ್ದೆ. ಈಗ ಬ್ಯಾರೆ ಬ್ಯಾರೆ ಕೊಟ್ಟೀನಿ.” ಕಾರ್ಡಿನ ಮಾತು ಎಂದು ಅವರಿಗೆ ತಿಳಿಯಿತೋ ಇಲ್ಲವೋ. ನನ್ನನ್ನು ದಿಟ್ಟಿಸಿ ನೋಡಿದರು. ಅವರೆದುರು ಅಷ್ಟು ಮಾತನ್ನು ಒಮ್ಮೆಗೇ ನಾನು ಹಿಂದೆಂದೂ ಆಡಿರಲಿಲ್ಲ.

“ಅಣ್ಣ ಬರದಿಟ್ಟಿದ್ರೇನು ಹಿಂಗ ಮಾಡಂತ?”

“ಇಲ್ಲ. ನಾ ಬರದೀನಿ.”

ಅಷ್ಟರಲ್ಲಿ ಟ್ರಾಲಿ ಆಟೋ ಬಂತು. ಕೊಳ್ಳುವವನು ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡೇ ಇಳಿದ. ಮೈದುನನಿಗೆ ಸಲಾಂ ಮಾಡಿ, ಯಾವುದನ್ನು ಮೊದಲು ಎತ್ತಲಿ ಎಂದು ಹಿಂದಿಯಲ್ಲಿ ಕೇಳಿದ. ಮೈದುನ ಅವನನ್ನು ನೋಡಿದರು, ಮಾತಾಡುತ್ತಲೇ ಇದ್ದ ನನ್ನ ಗೆಳತಿಯನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ನಿಂತರು.

“ದುಕಾನ್ ಇನ್ಕೀ ಹೈ,” ಎಂದರು ನನ್ನ ಕಡೆ ತೋರಿಸಿ. “ಇನ್ಕೋ ಪೂಛೋ.” ಅಂಗಡಿ ಇವರದು, ಇವರನ್ನೇ ಕೇಳು ಎಂದು.

ನಾನು ಹೊಸ್ತಿಲಿಗೆ ಬಂದೆ. ಸೆರಗು ಸರಿ ಮಾಡಿಕೊಂಡೆ. ಗೋಡೆಗಲ್ಲ, ಅವನಿಗೇ ಹೇಳಿದೆ: “ನಹೀ ಬೇಚ್ತೇ. ದುಕಾನ್ ಚಾಲೂ ಹೈ.” ಮಾರುವುದಿಲ್ಲ, ಅಂಗಡಿ ನಡೆಯುತ್ತಿದೆ ಎಂದು.

ಹಬ್ಬದ ದಿನ ಬರಿಗೈಲಿ ಹೋಗಲು ಅವನಿಗೆ ಮನಸ್ಸಿಲ್ಲ. ಒಳಗೆಲ್ಲ ಕಣ್ಣಾಡಿಸಿ, ಮೂಲೆಯ ಬೆಲ್ಲದ ಬಣ್ಣದ ಡಬ್ಬಿಯನ್ನು ತೋರಿಸಿದ. “ವೋ ಬುಡ್ಢಾ ಡಬ್ಬಾ ತೋ ದೇ ದೋ ಅಮ್ಮಾ. ಕಿಸ್ ಕಾಮ್ ಕಾ?” ಆ ಮುದಿ ಡಬ್ಬಿಯನ್ನಾದರೂ ಕೊಡಿ, ಯಾವ ಕೆಲಸಕ್ಕೆ ಬಂದೀತು ಎಂದು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗೆಳತಿ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಕೂಗಿದಳು: “ವೋಇಚ್ ತೋ ದೂಲ್ಹಾ ಹೈ ಭಾಯ್! ಬಾಕೀ ಸಬ್ ಬರಾತೀ!” ಅದೇ ಮದುಮಗ, ಉಳಿದವೆಲ್ಲ ದಿಬ್ಬಣದವರು. ಮೈದುನ ಮೊದಲು ನಕ್ಕರು. ಕೊಳ್ಳುವವನೂ ನಕ್ಕು ಹಗ್ಗವನ್ನು ಆಟೋದೊಳಕ್ಕೆ ಎಸೆದ.

ಆಟೋ ಹೊರಟ ಮೇಲೆ, ಬೆಳಿಗ್ಗೆ ಬಂದು ಹೋಗಿದ್ದ ಗಿರಾಕಿಯೊಬ್ಬ ಬಾಗಿಲಲ್ಲಿ ಇಣುಕಿ, ಈಗ ನಡೆಯುತ್ತಿದೆಯೇ ಎಂದು ತೆಲುಗಿನಲ್ಲಿ ಕೇಳಿದ. ನಾನು ಕೈ ತೋರಿಸಲಿಲ್ಲ. “ರಂಡಿ, ಕೂರ್ಚೋಂಡಿ,” ಎಂದೆ, ಬನ್ನಿ, ಕೂತುಕೊಳ್ಳಿ ಎಂದು.